ಎರಡು ಕವಲಿನ ತಾಮ್ರದ ಕೊಳವೆ

ಇಂಕೆರಿ ತನ್ನ ನೀಲಿ ಕಾರನ್ನು ನಮ್ಮ ಶೆಡ್ಡಿನ ಮುಂದೆ ತಂದು ನಿಲ್ಲಿಸಿದ್ದು ಆಗಸ್ಟ್ ತಿಂಗಳ ಮೊದಲ ವಾರ, ಬೆಳಗಿನ ಹಾಲು ಕರೆದು ಮುಗಿಸಿ ನೇರವಾಗಿ. ರೈತರು ರಜೆ ಹಾಕಿದಾಗ ಅವರ ಕೊಟ್ಟಿಗೆಗೆ ಬದಲಿಯಾಗಿ ಹೋಗಿ ಹಸು ನೋಡಿಕೊಳ್ಳುವುದು ಅವಳ ಕೆಲಸ. ಬೂಟಿನ ಮೇಲೆ ಇನ್ನೂ ಸಗಣಿ ಇತ್ತು.

"ಬೂಟು ಹೊರಗೆ ಬಿಡು" ಎಂದೆ.

"ಒಳಗೆ ಎಣ್ಣೆ ಚೆಲ್ಲಿಕೊಂಡು ಕೂತಿರೋರು ನೀವು. ನನ್ನ ಸಗಣಿ ಭಾರವಾಯ್ತಾ?" ಎನ್ನುತ್ತಲೇ ಬೂಟು ಬಿಚ್ಚಿ, ಉಣ್ಣೆಯ ಕಾಲುಚೀಲದಲ್ಲಿ ಬಂದು ಕಾಫಿ ಮೇಜಿನ ಮುಂದೆ ಕುಳಿತಳು.

ಅವಳು ನಮ್ಮ ಪಕ್ಕದ ಹೊಲದವರ ಮಗಳು. ಹದಿಮೂರು ವರ್ಷದವಳಿದ್ದಾಗ ಹಿಮದ ಮೇಲೆ ಕಾರು ಓಡಿಸಿ ನಮ್ಮ ಕಾಲುವೆಗೆ ಇಳಿಸಿದ್ದಳು. ಅದನ್ನು ಟ್ರ್ಯಾಕ್ಟರಿನಿಂದ ಎಳೆದು ತೆಗೆದವನು ನನ್ನ ಗಂಡ ಎನ್ಸಿಯೊ. ಈಗ ಅವಳಿಗೆ ಮೂವತ್ತಾರು. ನಾಲ್ಕು ವರ್ಷ ಕೂಡಿಟ್ಟು, ಟರ್ಬೊ ಇರುವ ಹಳೆಯ ಜಪಾನಿ ಕಾರೊಂದನ್ನು ಕೊಂಡಿದ್ದಳು. ಸೆಪ್ಟೆಂಬರಿನಲ್ಲಿ ಯುರ್ವಾ ಊರಿನ ರೇಸ್ ಟ್ರ್ಯಾಕಿನಲ್ಲಿ ಹೆಂಗಸರಿಗೆಂದೇ ಒಂದು ದಿನ ಇಟ್ಟಿದ್ದರು. ಅದಕ್ಕೆ ಹೆಸರು ಕೊಟ್ಟು ಬಂದಿದ್ದಳು.

"ಏನೇನು ಬೇಕು?"

"ಗಾಳಿ ಜಾಸ್ತಿ ಒಳಗೆ ಹೋಗ್ಬೇಕು, ಹೊಗೆ ಬೇಗ ಹೊರಗೆ ಬರ್ಬೇಕು, ಮಧ್ಯೆ ನೀನು ಕಂಪ್ಯೂಟರಿನಲ್ಲಿ ಏನು ಮಾಟ ಮಾಡ್ತೀಯೋ ಅದನ್ನ ಮಾಡು. ನನಗೇನು ಗೊತ್ತು. ಹಸು ಆಗಿದ್ರೆ ಹೇಳ್ತಿದ್ದೆ."

ನಾನು ಎರಡು ಏರ್ ಫಿಲ್ಟರುಗಳನ್ನು ಮೇಜಿನ ಮೇಲಿಟ್ಟೆ. ಒಂದು ಬರೀ ಶಂಕುವಿನಾಕಾರದ್ದು, ಇಂಜಿನ್ನಿನ ಪಕ್ಕದಲ್ಲಿ ತೆರೆದೇ ಕೂರುತ್ತದೆ. ಇನ್ನೊಂದು ಮುಚ್ಚಿದ ಪೆಟ್ಟಿಗೆಯೊಳಗಿನದು, ಮುಂಭಾಗದಿಂದ ತಣ್ಣನೆಯ ಗಾಳಿಯನ್ನು ಮಾತ್ರ ಎಳೆದುಕೊಳ್ಳುತ್ತದೆ. ನನ್ನ ಕೈ ತಾನಾಗಿಯೇ ತೆರೆದ ಶಂಕುವಿನ ಕಡೆ ಹೋಯಿತು.

"ಇದು ಹಾಕು. ವೇಗ ಎತ್ತಿದಾಗ ಗಾಳಿ ಎಳೆಯೋದು ಚೆನ್ನಾಗಿ ಕೇಳುತ್ತೆ. ಹಿಂದಕ್ಕೆ ಅಗಲದ ಪೈಪು, ಒಂದೇ ಸೈಲೆನ್ಸರ್. ಪೆಟ್ರೋಲ್ ಬದಲು ಎಥನಾಲ್ ಇಂಧನ ಹಾಕಿಬಿಡೋಣ. ಇಂಜಿನ್ ತಣ್ಣಗಿರುತ್ತೆ, ಕಿರಿಕಿರಿ ಇಲ್ಲ."

ಇಂಕೆರಿ ಬೆಣ್ಣೆ ಬನ್ನನ್ನು ಕಾಫಿಯಲ್ಲಿ ಅದ್ದಿದಳು. "ಎಥನಾಲ್ ಆಗಲ್ಲ. ನಾನು ಸುತ್ತೋ ಹಳ್ಳಿಗಳಲ್ಲಿ ಎಲ್ಲೂ ಆ ಬಂಕ್ ಇಲ್ಲ. ಇದೇ ಕಾರಲ್ಲಿ ಕೊಟ್ಟಿಗೆಗೂ ಹೋಗ್ಬೇಕು ನಾನು. ಮತ್ತೆ ಸದ್ದು ಕಡಿಮೆ ಇರ್ಲಿ. ಟ್ರ್ಯಾಕಿನ ಗೇಟಲ್ಲಿ ಅಳೀತಾರಂತೆ, ಜೋರಿದ್ರೆ ವಾಪಸ್ಸು. ನೀನು ಮಾಡಿಕೊಟ್ಟ ನಮ್ಮಣ್ಣನ ಗಾಡಿ ಥರ ಆಗೋದು ಬೇಡ."

"ಅಹ್ತಿಯ ಗಾಡಿಗೆ ಏನಾಗಿತ್ತು?"

"ಕಿವಿ ಹರಿದುಹೋಗೋ ಹಾಗಿತ್ತಲ್ಲ. ತಪಾಸಣೆಯಲ್ಲಿ ಫೇಲು. ಆಮೇಲೆ ನಿನ್ನ ಗಂಡ ಕರೆದು ಇನ್ನೊಂದು ಸೈಲೆನ್ಸರ್ ಬೆಸುಗೆ ಹಾಕಿಕೊಟ್ಟ. ದುಡ್ಡೂ ತಗೊಳ್ಳಲಿಲ್ಲ ಮಹಾರಾಯ." ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. "ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು" ಎಂದೆ. "ಮರೆತಿದ್ದೆ."

ಮೇಜಿನ ಮೇಲಿದ್ದ ಎರಡು ಫಿಲ್ಟರುಗಳನ್ನು ಮತ್ತೆ ನೋಡಿದೆ. ತೆರೆದ ಫಿಲ್ಟರು ಇಂಜಿನ್ನಿನ ಬಿಸಿ ಗಾಳಿಯನ್ನೇ ಕುಡಿಯುತ್ತದೆ. ಬಿಸಿ ಗಾಳಿಯಿಂದ ಇಂಜಿನ್ನಿಗೆ ಕೇಡು. ಇದು ನನಗೆ ಇಪ್ಪತ್ತನೇ ವಯಸ್ಸಿನಲ್ಲೇ ಗೊತ್ತಿತ್ತು. ಹಾಗಾದರೆ ಈಚೆಗೆ ಯಾಕೆ ಎಲ್ಲರಿಗೂ ಇದನ್ನೇ ಕೊಡುತ್ತಿದ್ದೇನೆ? ಯಾಕೆ ಎಲ್ಲರಿಗೂ ಅಗಲದ ಪೈಪು? ಎಥನಾಲ್ ಯಾಕೆ? ಪ್ರಶ್ನೆ ಬಂದ ಕ್ಷಣದಲ್ಲೇ ಉತ್ತರವೂ ಬಂತು. ಮೆಟ್ಟಿಲಿಳಿಯುವಾಗ ಕತ್ತಲಲ್ಲಿ ಒಂದು ಮೆಟ್ಟಿಲು ತಪ್ಪಿದಂತಾಯಿತು.

"ಮುಚ್ಚಿದ ಪೆಟ್ಟಿಗೆ ಹಾಕೋಣ" ಎಂದೆ. "ಎರಡು ಸೈಲೆನ್ಸರ್. ಮಾಮೂಲಿ ಪೆಟ್ರೋಲ್."

"ಈಗ ತಾನೇ ಅದು ಅಂದೆ."

"ಈಗ ಇದು ಅಂತಿದೀನಿ. ಬನ್ನು ತಿನ್ನು."

ನನ್ನ ಕೆಲಸ ಏನೆಂದು ಇಲ್ಲಿ ಹೇಳಬೇಕು. ಕಾರನ್ನು ನಿಂತಲ್ಲೇ ಓಡಿಸುವ ರೋಲರುಗಳ ಮೇಲೆ ಹತ್ತಿಸಿ, ಇಂಜಿನ್ನಿಗೆ ಎಷ್ಟು ಗಾಳಿ, ಎಷ್ಟು ಇಂಧನ, ಕಿಡಿ ಯಾವ ಗಳಿಗೆಯಲ್ಲಿ ಎಂಬುದನ್ನು ನಾನು ತಿದ್ದುತ್ತೇನೆ. ಕಿಡಿಯನ್ನು ಸ್ವಲ್ಪ ಸ್ವಲ್ಪವೇ ಮುಂಚಿತವಾಗಿ ಹೊತ್ತಿಸುತ್ತ ಹೋದರೆ ಬಲ ಏರುತ್ತದೆ. ಒಂದು ಹಂತ ದಾಟಿದರೆ ಇಂಧನ ತಾನಾಗಿಯೇ ಸಿಡಿಯತೊಡಗುತ್ತದೆ. ಅದನ್ನು ನಾವು ಬಡಿತ ಎನ್ನುತ್ತೇವೆ. ತಗಡಿನ ಲೋಟದಲ್ಲಿ ಸಣ್ಣ ಹರಳು ಅಲ್ಲಾಡಿಸಿದಂಥ ಸದ್ದು, ಬಹಳ ತೆಳು, ಬಹಳ ಎತ್ತರದ ಸ್ವರ. ಅದನ್ನು ಕೇಳಿಸಿಕೊಳ್ಳದೆ ಮುಂದುವರಿದರೆ ಪಿಸ್ಟನ್ ಕರಗುತ್ತದೆ. ಹೊಸ ಕಾರುಗಳಲ್ಲಿ ಸೆನ್ಸರ್ ಇರುತ್ತದೆ. ಆದರೆ ಇಂಕೆರಿಯ ಕಾರಿನಂತೆ ಗಟ್ಟಿ ಪಿಸ್ಟನ್ ಹಾಕಿಸಿದ ಇಂಜಿನ್ನುಗಳು ತಾವೇ ಏನೇನೋ ಕುಟ್ಟುತ್ತವೆ, ಸೆನ್ಸರ್ ಮೋಸ ಹೋಗುತ್ತದೆ. ಅಲ್ಲಿ ಮನುಷ್ಯರ ಕಿವಿಯೇ ಬೇಕು. ಎಥನಾಲ್ ಹಾಕಿದರೆ ಬಡಿತ ಸುಲಭಕ್ಕೆ ಬರುವುದಿಲ್ಲ. ಎರಡು ವರ್ಷಗಳಿಂದ ನಾನು ಅದನ್ನೇ ಎಲ್ಲರಿಗೂ ಹೇಳುತ್ತ ಬಂದಿದ್ದೆ.

ಆ ಸಂಜೆ ಆಲೂಗಡ್ಡೆ ಬೇಯಿಸಿ, ಉಪ್ಪಿನಲ್ಲಿಟ್ಟ ಮೀನು ತೆಗೆದಿಟ್ಟು, ಎನ್ಸಿಯೊ ಕೈ ತೊಳೆದು ಬರುವವರೆಗೆ ಕಾದೆ. ಕಿಟಕಿ ತೆರೆದಿತ್ತು. ಆಚೆ ಓಟ್ಸ್ ಹೊಲ ಅರ್ಧ ಹಳದಿಯಾಗಿತ್ತು.

"ಎಷ್ಟು ಕಾರುಗಳಿಗೆ ಮತ್ತೆ ಸೈಲೆನ್ಸರ್ ಹಾಕಿದೀಯ?"

ಅವನು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದ. ನಿಲ್ಲಿಸಲಿಲ್ಲ. "ಅಹ್ತಿದು. ಅಂಗಡಿಯವನ ಮಗಂದು. ಲಪುವಾ ಕಡೆಯಿಂದ ಬಂದಿದ್ದನಲ್ಲ, ಕೆಂಪು ಗಾಡಿ, ಅವಂದು."

"ಮೂರು."

"ಐದು."

"ಒಂದು ಸಲ ಹೇಳಬಹುದಿತ್ತು."

"ಹೇಳಬಹುದಿತ್ತು."

"ಮತ್ತೆ?"

ಅವನು ಚಾಕುವನ್ನು ತಟ್ಟೆಯ ಅಂಚಿಗೆ ಒರಗಿಸಿದ. "ನಿಮ್ಮಪ್ಪನಿಗೆ ಹೇಳಿದವಳು ನೀನು, ಸೈಮಾ. ಆಮೇಲೆ ಏನಾಯ್ತು ಅಂತ ನೋಡಿದವನು ನಾನೂ ಹೌದು."

ನಾನು ಕಿಟಕಿಯ ಕಡೆ ತಿರುಗಿದೆ. ಹೋದ ವರ್ಷ ಇದೇ ಹೊತ್ತಿನಲ್ಲಿ ಇಲ್ಲೇ ಕುಳಿತು, ಈ ವರ್ಷ ಮಿಡತೆಗಳ ಚಿರ್ ಚಿರ್ ಸದ್ದೇ ಇಲ್ಲ ಎಂದಿದ್ದೆ. ಹೊಲಕ್ಕೆ ಔಷಧಿ ಹೊಡೆಯುತ್ತಾರಲ್ಲ, ಕಡಿಮೆಯಾಗಿವೆ ಎಂದಿದ್ದ ಎನ್ಸಿಯೊ. ಈಗಲೂ ಹೊಲ ನಿಶ್ಶಬ್ದವಾಗಿತ್ತು. ಅವನನ್ನು ಕೇಳಬೇಕೆನಿಸಿತು. ಕೇಳಲಿಲ್ಲ.

"ಇಂಕೆರಿಯ ಕಾರು ನಾನೇ ಮಾಡ್ತೀನಿ" ಎಂದೆ. "ಎರಡು ಸೈಲೆನ್ಸರ್ ಇದ್ದರೆ ಹಿಂದಿನ ಗಲಾಟೆ ಕಡಿಮೆ ಇರುತ್ತೆ. ಬಡಿತ ಇದ್ದರೆ ಕೇಳುತ್ತೆ."

"ಕೇಳದಿದ್ದರೆ?"

"ಕೇಳುತ್ತೆ ಅಂದೆ."

ಅವನು ಮತ್ತೆ ಚಾಕು ಎತ್ತಿಕೊಂಡ. ನಮ್ಮ ಮನೆಯಲ್ಲಿ ಮಾತು ಮುಗಿಯುವುದು ಹೀಗೆಯೇ, ಯಾರಾದರೊಬ್ಬರು ಏನಾದರೊಂದನ್ನು ಎತ್ತಿಕೊಳ್ಳುತ್ತಾರೆ.

ಶೆಡ್ಡು ಮೊದಲು ಅಪ್ಪನದಾಗಿತ್ತು. ಟ್ರ್ಯಾಕ್ಟರ್ ರಿಪೇರಿಯಿಂದ ಶುರುಮಾಡಿ ರ‍್ಯಾಲಿ ಕಾರುಗಳವರೆಗೆ ಹೋದವನು. ಬಡಿತ ಕೇಳಲು ಅವನೇ ಒಂದು ಸಾಧನ ಮಾಡಿದ್ದ. ತಾಮ್ರದ ಸಣ್ಣ ಕೊಳವೆ, ಅದರ ಒಂದು ತುದಿಯನ್ನು ಚಪ್ಪಟೆಯಾಗಿ ತಟ್ಟಿ ತೂತು ಮಾಡಿ ಇಂಜಿನ್ನಿಗೆ ಬೋಲ್ಟಿನಿಂದ ಬಿಗಿಯುವುದು. ಇನ್ನೊಂದು ತುದಿಯಿಂದ ರಬ್ಬರ್ ಪೈಪು ಕಾರಿನೊಳಕ್ಕೆ ಬಂದು, ಮರ ಕಡಿಯುವವರು ಹಾಕಿಕೊಳ್ಳುವಂಥ ಕಿವಿಗವಸಿಗೆ ಸೇರುತ್ತಿತ್ತು. ನನಗೆ ಹದಿನೆಂಟಾದಾಗ ಆ ಕೊಳವೆಗೆ ಇನ್ನೊಂದು ಕವಲು ಹಾಕಿ ಎರಡನೇ ಕಿವಿಗವಸು ಜೋಡಿಸಿದ. ಅವನು ಓಡಿಸುವ ಸೀಟಿನಲ್ಲಿ, ನಾನು ಪಕ್ಕದಲ್ಲಿ. ಇಬ್ಬರೂ ಒಂದೇ ಸದ್ದು ಕೇಳುತ್ತಿದ್ದೆವು. ಅವನು ತುಟಿ ಅಲ್ಲಾಡಿಸದೆ ಒಂದು ಬೆರಳು ಎತ್ತಿ, ಇಲ್ಲಿ, ಈಗ, ಎಂದು ತೋರಿಸುತ್ತಿದ್ದ. ನನ್ನ ಜೀವನದಲ್ಲಿ ಯಾರೊಂದಿಗೂ ಅಷ್ಟು ಹತ್ತಿರ ಕುಳಿತಿಲ್ಲ, ಗಂಡನ ಜೊತೆಗೂ ಇಲ್ಲ.

ನನಗೆ ಇಪ್ಪತ್ತೆರಡಾಗಿದ್ದಾಗ ಒಂದು ಮಧ್ಯಾಹ್ನ, ಹೆಸರಾಂತ ಚಾಲಕನೊಬ್ಬನ ಕಾರು ರೋಲರುಗಳ ಮೇಲಿತ್ತು. ಗೋಡೆಗೊರಗಿ ಏಳೆಂಟು ಗಂಡಸರು ನಿಂತಿದ್ದರು, ಅವರ ನಡುವೆ ಆಗಿನ್ನೂ ಅಪ್ಪನ ಕೈಕೆಳಗೆ ಬೆಸುಗೆ ಮಾಡುತ್ತಿದ್ದ ಎನ್ಸಿಯೊ ಕೂಡ. ಬಡಿತ ಸ್ಪಷ್ಟವಾಗಿ ಕೇಳುತ್ತಿತ್ತು. ಅಪ್ಪನ ಬೆರಳು ಏಳಲಿಲ್ಲ. ಕಾದೆ. ಅವನು ಕಿಡಿಯನ್ನು ಇನ್ನಷ್ಟು ಮುಂದೆ ತಂದ. ಇಂಜಿನ್ ನಿಲ್ಲಿಸಿದ ಕೂಡಲೇ ನಾನು ಹೊರಗಿಳಿದು ಎಲ್ಲರ ಮುಂದೆ, "ಅಪ್ಪ, ಬಡೀತಿದೆ" ಎಂದೆ.

"ಅದು ಪೈಪಿನ ಸದ್ದು."

"ಪೈಪಿನದಲ್ಲ. ಆಗಲಿಂದ ಬಡೀತಿದೆ. ನಿನಗೆ ಕೇಳ್ತಿಲ್ಲ."

ನಿನಗೆ ಕೇಳ್ತಿಲ್ಲ ಎನ್ನುವಾಗ ನನ್ನ ದನಿಯಲ್ಲಿ ಒಂದು ಗೆಲುವು ಇತ್ತು. ಇದನ್ನು ನಾನು ಯಾರಿಗೂ ಹೇಳಿಲ್ಲ. ಗಂಡಸರು ನನ್ನತ್ತ ನೋಡಿದ ರೀತಿ ನನಗೆ ಹಿಡಿಸಿತ್ತು. ಅಪ್ಪ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ನೋಡಿದ. ಬಿಳಿ ಪಿಂಗಾಣಿಯ ಮೇಲೆ ಲೋಹದ ಸಣ್ಣ ಚುಕ್ಕೆಗಳಿದ್ದವು, ಬಡಿತದ ಗುರುತು. ಕಿವಿಗವಸನ್ನು ನನ್ನ ಕೈಗೆ ಕೊಟ್ಟು, ಜಾಕೆಟ್ ಹಾಕಿಕೊಂಡು ಮನೆಗೆ ಹೋದ. ಮರುದಿನ ಆಲೂಗಡ್ಡೆ ಹೊಲದಲ್ಲಿದ್ದ. ಆಮೇಲೆ ಮೂವತ್ತೈದು ವರ್ಷ ಆ ಶೆಡ್ಡಿನೊಳಕ್ಕೆ ಕಾಲಿಡಲಿಲ್ಲ. ನಾವಿಬ್ಬರೂ ಆ ಮಾತೆತ್ತಲಿಲ್ಲ. ಅಪ್ಪನ ಹೆಸರು ಎಮೆಲಿ. ಎಮೆಲಿಯ ಮಗಳ ಕಿವಿ ಎಂದು ನನಗೆ ಹೆಸರು ಬಂತು. ಊರೂರಿಂದ ಕಾರುಗಳು ಬಂದವು. ಕಿಟಕಿಯಿಂದ ಅವನ ಬೆನ್ನು ಕಾಣಿಸುತ್ತಿತ್ತು, ಕಳೆ ಕೀಳುತ್ತ ಬಾಗಿದ ಬೆನ್ನು.

ಎರಡು ವಾರದಲ್ಲಿ ಎನ್ಸಿಯೊ ಪೈಪು ಮುಗಿಸಿದ. ಅವನ ಬೆಸುಗೆಯನ್ನು ನೋಡುವುದೇ ಒಂದು ಸುಖ, ಒಂದರ ಮೇಲೊಂದು ನಾಣ್ಯ ಮಲಗಿಸಿದ ಹಾಗೆ ಸಮವಾಗಿರುತ್ತದೆ. ನಾನು ತಣ್ಣನೆಯ ಗಾಳಿಯ ಪೆಟ್ಟಿಗೆ ಕೂರಿಸಿ, ಸೇರಿಕೆಗಳಲ್ಲೆಲ್ಲ ಸೋರಿಕೆ ನೋಡಿ, ಹೊಸ ಪ್ಲಗ್ ಹಾಕಿದೆ. ಆಯ್ಕೆಗಳೆಲ್ಲ ಸರಿಯಾಗಿದ್ದವು. ತಲೆಗೆ ಗೊತ್ತಿರುವುದನ್ನು ಕೈ ಮಾಡುತ್ತಿತ್ತು. ಇಷ್ಟು ಸರಿ ಮಾಡಿದರೆ ಉಳಿದದ್ದೂ ಸರಿಹೋದೀತು ಎಂದು ಯಾರೊಂದಿಗೋ ಚೌಕಾಸಿ ಮಾಡುತ್ತಿರುವಂತೆ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಟ್ಯೂನಿಂಗ್ ದಿನ ಇಂಕೆರಿ ಬೇಗ ಬಂದಳು.

"ನಾನೂ ಕೂತ್ಕೋತೀನಿ" ಎಂದಳು.

"ಹೊರಗಿಂದ ನೋಡು."

"ನನ್ನ ಗಾಡಿ. ಡಾಕ್ಟರ್ ಹಸುವಿನ ಹೊಟ್ಟೆಗೆ ಕೈ ಹಾಕಿದಾಗಲೂ ನಾನು ಪಕ್ಕದಲ್ಲೇ ಇರ್ತೀನಿ."

ಎನ್ಸಿಯೊ ನನ್ನ ಕಡೆ ನೋಡದೆ ಗೋಡೆಯ ಮೇಲಿದ್ದ ಎರಡನೇ ಕಿವಿಗವಸನ್ನು ತೆಗೆದು, ಬಟ್ಟೆಯಿಂದ ಧೂಳು ಒರೆಸಿ ಅವಳ ಕೈಗಿಟ್ಟ. "ಸದ್ದಿಗೆ ಕಿವಿ ಹಾಳಾಗುತ್ತೆ, ಹಾಕ್ಕೋ" ಎಂದ. ಸದ್ದು ತಡೆಯಲು ಬೇರೆ ಕಿವಿಗವಸುಗಳು ನಾಲ್ಕಿದ್ದವು. ಇದರ ರಬ್ಬರ್ ಪೈಪು ತಾಮ್ರದ ಕೊಳವೆಯ ಎರಡನೇ ಕವಲಿನಿಂದ ಬರುವಂಥದ್ದು. ಅವನು ಏನು ಮಾಡುತ್ತಿದ್ದಾನೆಂದು ನನಗೆ ತಿಳಿಯಿತು. ಬೇಡ ಎನ್ನಬಹುದಿತ್ತು. ಪೈಪನ್ನು ಕೊಳವೆಗೆ ಸಿಕ್ಕಿಸಿದವಳು ನಾನೇ.

ಮೊದಲ ನಾಲ್ಕು ಓಟ ಸುಲಭವಾಗಿ ಹೋದವು. ಇಂಜಿನ್ ಬಿಸಿಯಾಗಿ ಸಮನಾಗಿ ಗುನುಗುತ್ತಿತ್ತು. ಎರಡು ಸೈಲೆನ್ಸರಿನಿಂದಾಗಿ ಶೆಡ್ಡಿನಲ್ಲಿ ಈಚೆಗೆ ಕೇಳದಷ್ಟು ಸೌಮ್ಯವಾದ ಸದ್ದು. ಕಂಪ್ಯೂಟರಿನಲ್ಲಿ ಬಲ ತೋರಿಸುವ ಗ್ರಾಫಿನ ಗೆರೆ ಮೇಲೇರುತ್ತಿತ್ತು. ಕಿಡಿಯನ್ನು ಒಂದು ಡಿಗ್ರಿ ಮುಂದೆ ತಂದೆ. ಕಿವಿಗವಸಿನೊಳಗೆ ನನಗೆ ಕೇಳುತ್ತಿದ್ದದ್ದು ದಪ್ಪನೆಯ ಗುಡುಗು ಮಾತ್ರ, ಕಂಬಳಿ ಹೊದ್ದು ಕೇಳಿದಂತೆ. ಅದರ ಮೇಲೆ ಏನೂ ಇರಲಿಲ್ಲ. ಏನೂ ಇಲ್ಲ ಎಂದರೆ ಏನೂ ಇಲ್ಲವೋ, ನನಗಿಲ್ಲವೋ?

ಐದನೇ ಓಟ ಮುಗಿದು ಇಂಜಿನ್ ಇಳಿಯುತ್ತಿದ್ದಾಗ ಇಂಕೆರಿ ಕಿವಿಗವಸನ್ನು ಒಂದು ಕಿವಿಯಿಂದ ಸರಿಸಿದಳು.

"ಅದೇನದು? ಹಸು ಹಲ್ಲು ಕಡಿಯೋ ಥರ?"

"ಏನು?"

"ಹೊಟ್ಟೆನೋವು ಬಂದಾಗ ಹಸು ಹಲ್ಲು ಕಡಿಯುತ್ತಲ್ಲ. ಮೇಲ್ಗಡೆ, ವೇಗ ಜಾಸ್ತಿ ಆದಾಗ. ಕಿರಕಿರ ಅಂತ. ಕೇಳಿದ್ರೆ ನಮ್ಮ ಹಲ್ಲೇ ಜುಮ್ಮನ್ನುತ್ತೆ."

"ಅದು ಪೈಪಿನ ಸದ್ದು" ಎಂದೆ.

ಹೇಳಿದ ಮೇಲೆಯೇ ನನಗೆ ಕೇಳಿಸಿತು. ಮಾತು ನನ್ನದಾಗಿರಲಿಲ್ಲ. ದನಿ ಕೂಡ ನನ್ನದಾಗಿರಲಿಲ್ಲ, ಅಪ್ಪನ ಅದೇ ಬಿಗಿ, ಅದೇ ಮೊಟಕು. ಆಗ ಅಪ್ಪ ಸುಳ್ಳು ಹೇಳಿದ್ದನೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅವನು ಸುಳ್ಳು ಹೇಳಿರಲಿಲ್ಲ. ಬಾಗಿಲು ಮುಚ್ಚುತ್ತಿದ್ದಾಗ ಮನುಷ್ಯ ಅಡ್ಡ ಕೈ ಇಡುತ್ತಾನೆ, ಅಷ್ಟೇ.

ನಾನು ಆರನೇ ಓಟ ಶುರುಮಾಡಿದೆ. ಅದಕ್ಕೆ ಕ್ಷಮೆಯಿಲ್ಲ. ಅವಳ ಮಾತು ತಪ್ಪಿರಲಿ ಎಂದು, ಒಂದು ಸಲ ನನಗೂ ಕೇಳಿಸಿಬಿಡಲಿ ಎಂದು, ಅವಳ ನಾಲ್ಕು ವರ್ಷದ ಉಳಿತಾಯವನ್ನು ಪಣಕ್ಕಿಟ್ಟು ಕಿಡಿಯನ್ನು ಇನ್ನೂ ಅರ್ಧ ಡಿಗ್ರಿ ಮುಂದೆ ತಂದೆ. ನಿಮಿಷಕ್ಕೆ ಮೂರು ಸಾವಿರ ಸುತ್ತು. ನಾಲ್ಕು ಸಾವಿರ. ಕಣ್ಣು ಮುಚ್ಚಿದೆ. ಗುಡುಗು, ಕಂಬಳಿ. ನಾಲ್ಕೂವರೆ ಸಾವಿರದ ಹೊತ್ತಿಗೆ ಇಂಕೆರಿಯ ಕೈ ನನ್ನ ಮಂಡಿಯ ಮೇಲೆ ಬಂತು. ನೋವಿನಲ್ಲಿರುವ ಪ್ರಾಣಿಯ ಮೇಲೆ ಅವಳು ಹಾಗೆಯೇ ಕೈ ಇಡುತ್ತಾಳೇನೋ.

"ಸೈಮಾ. ಈಗ ಇನ್ನೂ ಜಾಸ್ತಿ."

ಕಾಲು ತೆಗೆದೆ. ರೋಲರುಗಳು ತಿರುಗಿ ತಿರುಗಿ ನಿಂತವು.

ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದೆ. ಬಿಳಿ ಪಿಂಗಾಣಿಯ ಮೇಲೆ ಮೂರು ನಾಲ್ಕು ಬೆಳ್ಳಿಯ ಚುಕ್ಕೆಗಳು, ಉಪ್ಪಿನ ಹರಳಿಗಿಂತ ಚಿಕ್ಕವು. ಪಿಸ್ಟನ್ನಿನ ಮೈಯಿಂದ ಎದ್ದು ಬಂದ ಲೋಹ. ಕ್ಯಾಮೆರಾದ ಸಣ್ಣ ತಂತಿಯನ್ನು ಒಳಗೆ ಇಳಿಸಿ ನಾಲ್ಕು ಪಿಸ್ಟನ್ನುಗಳನ್ನೂ ನೋಡಿದೆವು. ಅಂಚುಗಳು ನೆಟ್ಟಗಿದ್ದವು. ಇನ್ನೊಂದು ಓಟ ಆಗಿದ್ದರೆ ಇರುತ್ತಿರಲಿಲ್ಲ.

ಎನ್ಸಿಯೊ ಕೈಯೊರೆಸುವ ಬಟ್ಟೆ ಹಿಡಿದು ನಿಂತಿದ್ದ. ಅವನ ಮುಖದಲ್ಲಿ ಭಯವಿತ್ತು. ಅದು ಕಾರಿನ ಬಗ್ಗೆ ಅಲ್ಲ ಎಂದು ಗೊತ್ತಾಯಿತು. ನನ್ನ ಜಾಕೆಟ್ ಬಾಗಿಲ ಪಕ್ಕದಲ್ಲೇ ತೂಗುತ್ತಿತ್ತು.

"ಇಂಕೆರಿ" ಎಂದೆ. "ನೀನು ಕೇಳಿದ್ದು ಸರಿ. ನನಗೆ ಕೇಳಲಿಲ್ಲ. ನನ್ನ ಕಿವಿ ಹೋಗಿದೆ."

ಅವಳು ಬಾಗಿ ಪ್ಲಗ್ಗಿನ ಮೇಲಿನ ಚುಕ್ಕೆಗಳನ್ನು ನೋಡಿದಳು.

"ನಿನಗೆ ಬೇಡ ಅನ್ನಿಸಿದ್ರೆ ಸೇಯ್ನಾಯೊಕಿಯಲ್ಲಿ ಒಬ್ಬ ಒಳ್ಳೆಯವನಿದಾನೆ, ಅಲ್ಲಿಗೆ ಕಳಿಸ್ತೀನಿ. ಬೇಕು ಅಂದ್ರೆ, ನೀನು ಕೂತು ಕೇಳು. ಹಲ್ಲು ಕಡಿದ ತಕ್ಷಣ ಬೆರಳೆತ್ತು. ಉಳಿದದ್ದು ನನಗೆ ಗೊತ್ತು."

"ಇಲ್ಲೇ ಆಗ್ಲಿ" ಎಂದಳು. ಕಿವಿಗವಸನ್ನು ಮತ್ತೆ ಎತ್ತಿಕೊಂಡು, "ಕೊಟ್ಟಿಗೆಯಲ್ಲಿ ದುಡಿದು ದುಡಿದು ನನ್ನ ಮೂಗು ಹೋಗಿದೆ. ನಿಮ್ಮ ಶೆಡ್ಡಲ್ಲಿ ಏನು ವಾಸನೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ" ಎಂದಳು.

ಕಿಡಿಯನ್ನು ಬಹಳ ಹಿಂದಕ್ಕೆ ತಂದು ಮತ್ತೆ ಮೊದಲಿನಿಂದ ಶುರುಮಾಡಿದೆವು. ಅವಳು ಬೆರಳೆತ್ತಿದಾಗಲೆಲ್ಲ ನಾನು ಎರಡು ಡಿಗ್ರಿ ಕಡಿಮೆ ಮಾಡಿದೆ. ಅವಳು ಚೆನ್ನಾಗಿ ಕೇಳುತ್ತಿದ್ದಳು, ಕೊಟ್ಟಿಗೆಯಲ್ಲಿ ಇಪ್ಪತ್ತು ಹಸುಗಳ ನಡುವೆ ಒಂದರ ಉಸಿರನ್ನು ಗುರುತಿಸುವ ಕಿವಿ. ಸಂಜೆ ನಾಲ್ಕಕ್ಕೆ ಮುಗಿಯಿತು. ಬಲ ನಾನು ಅಂದುಕೊಂಡಷ್ಟು ಬರಲಿಲ್ಲ, ಆದರೆ ಇಂಜಿನ್ ಬಹಳ ವರ್ಷ ಬಾಳುತ್ತದೆ. ಅವಳು ಹೊರಟಾಗ ಕಾರಿನ ಸದ್ದು ಎಷ್ಟು ಸೌಮ್ಯವಾಗಿತ್ತೆಂದರೆ, ರಸ್ತೆಯ ತಿರುವು ತಲುಪುವ ಮೊದಲೇ ನನಗೆ ಅದು ಇಲ್ಲವಾಯಿತು.

ಮರುವಾರಕ್ಕೆ ಹೆಸರು ಬರೆಸಿದ್ದ ಮೂವರಿಗೆ ಫೋನ್ ಮಾಡಿ ಸೇಯ್ನಾಯೊಕಿಯವನ ನಂಬರು ಕೊಟ್ಟೆ. ಕಾರಣ ಕೇಳಿದವರಿಗೆ ಕಾರಣ ಹೇಳಿದೆ. ಮೂರನೆಯವರಿಗೆ ಹೇಳುವಾಗಲೂ ಮೊದಲನೆಯವರಿಗೆ ಹೇಳಿದಷ್ಟೇ ಕಷ್ಟವಾಯಿತು.

ಅಪ್ಪನಿಗೀಗ ಎಂಬತ್ತೆಂಟು. ಅಮ್ಮ ಹೋದ ಮೇಲೆ ಚರ್ಚಿನ ಹಿಂದಿನ ಆರೈಕೆ ಮನೆಯಲ್ಲಿದ್ದಾನೆ. ಭಾನುವಾರ ಎನ್ಸಿಯೊ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ತಾನು ಒಳಗೆ ಬರಲಿಲ್ಲ, ಕಾರಿನಲ್ಲೇ ಕುಳಿತ.

ಅಪ್ಪ ಕಿಟಕಿಯ ಬಳಿ ಕುಳಿತು ಹೆದ್ದಾರಿ ನೋಡುತ್ತಿದ್ದ. ಕಿವಿಯ ಯಂತ್ರ ಎಂದಿನಂತೆ ಡ್ರಾಯರಿನಲ್ಲಿತ್ತು. ಅವನೊಂದಿಗೆ ಮಾತಾಡಲು ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ. ಅದರಲ್ಲಿ ನಮ್ಮ ಅಕ್ಷರಗಳೇ ತುಂಬಿವೆ. ಊಟ ಆಯ್ತಾ, ಕಾಲು ನೋವು ಹೇಗಿದೆ, ಆಲೂಗಡ್ಡೆ ಅಗೆದೆವು. ಖಾಲಿ ಪುಟ ತೆರೆದು ಬರೆದೆ: ನನಗೂ ಬಡಿತ ಕೇಳಿಸುತ್ತಿಲ್ಲ.

ಅವನು ಕನ್ನಡಕ ಹುಡುಕಿ ಹಾಕಿಕೊಂಡು ಓದಿದ. ಪುಟದ ಮೇಲೆ ಬೇರೇನಾದರೂ ಇದೆಯೇ ಎಂಬಂತೆ ತುಂಬ ಹೊತ್ತು ನೋಡಿದ.

"ಎಷ್ಟರಲ್ಲಿ?" ಎಂದ. ಕಿವುಡರ ಜೋರು ದನಿ.

4500 ಎಂದು ಬರೆದೆ.

"ಇಂಜಿನ್ನಿಗೆ ಭಾರ ಬಿದ್ದಾಗಲಾ?"

ತಲೆಯಾಡಿಸಿದೆ.

"ನನ್ನದೂ ಅಲ್ಲೇ ಹೋದದ್ದು ಮೊದಲು." ಅವನು ತಲೆದೂಗಿದ, ಇಬ್ಬರಿಗೂ ಗೊತ್ತಿರುವ ಒಂದು ಹಳೆಯ ರಸ್ತೆಯ ಮಾತಾಡುತ್ತಿರುವಂತೆ. "ಅದಕ್ಕೂ ಮೊದಲು ಮಿಡತೆ ಹೋಗಿತ್ತು. ನಿಮ್ಮಮ್ಮ ಇದೆ ಅಂತಿದ್ದಳು. ನಾನು ನಂಬ್ತಿರಲಿಲ್ಲ." ಆಮೇಲೆ, "ಯಾರು ಹೇಳಿದ್ದು ನಿನಗೆ?"

ಕಾರಿನವಳು, ಎಂದು ಬರೆದೆ.

"ಹೊರಗಿನವಳು" ಎಂದ. "ಪುಣ್ಯವಂತೆ ನೀನು."

ನೋಯಿಸಲು ಹೇಳಿದ್ದಲ್ಲ. ನಿಜವಾಗಿಯೂ ನನಗೆ ನೋವು ಸ್ವಲ್ಪ ಕಡಿಮೆ ಆಯಿತಲ್ಲ ಎಂದು ಸಮಾಧಾನಪಟ್ಟು ಹೇಳಿದ. ಅದಕ್ಕೇ ತಡೆಯಲಾಗಲಿಲ್ಲ. ಪೆನ್ನು ಹಿಡಿದೆ. ಅಪ್ಪ, ಅವತ್ತು ನಾನು, ಎಂದು ಬರೆದೆ. ಮುಂದಿನ ಪದ ಬರುವ ಮೊದಲು ಅವನ ಕೈ ಬಂದು ನೋಟ್‌ಬುಕ್ಕಿನ ಮೇಲೆ ಕೂತಿತು. ಮಣ್ಣಿನ ಕೆಲಸ ಮಾಡಿದ ಕೈ. ಅದರಲ್ಲಿ ಎಣ್ಣೆಯ ಗುರುತು ಎಂದೋ ಹೋಗಿತ್ತು.

"ಇಂಜಿನ್ ಉಳೀತಾ?"

ಉಳಿಯಿತು ಎಂದು ತಲೆಯಾಡಿಸಿದೆ.

"ಅವತ್ತಿನದೂ ಉಳೀತು" ಎಂದು ಮತ್ತೆ ಹೆದ್ದಾರಿಯ ಕಡೆ ತಿರುಗಿದ. ಕೈ ಮಾತ್ರ ನೋಟ್‌ಬುಕ್ಕಿನ ಮೇಲಿಂದ ತೆಗೆಯಲಿಲ್ಲ. ನಾವಿಬ್ಬರೂ ಹೋಗಿಬರುವ ಕಾರುಗಳನ್ನು ನೋಡುತ್ತ ಕುಳಿತೆವು. ಗಾಜಿನಾಚೆ ಅವು ಸದ್ದಿಲ್ಲದೆ ಹೋಗುತ್ತಿದ್ದವು, ಅವನಿಗೆ ಪೂರ್ತಿ, ನನಗೆ ಅರ್ಧ.

ಹಿಂದಿರುಗುವಾಗ ದಾರಿಯಲ್ಲಿ ಎನ್ಸಿಯೊಗೆ ನಿಲ್ಲಿಸಲು ಹೇಳಿದೆ. ಎರಡೂ ಕಡೆ ಹೊಲ. ಇಂಜಿನ್ ಆರಿಸಿ ಕಿಟಕಿಗಳನ್ನು ಇಳಿಸಿದ. ಬಿಸಿಲಿತ್ತು, ಗಾಳಿಯಿರಲಿಲ್ಲ. ನನಗೆ ಕೇಳಿದ್ದು ತಣ್ಣಗಾಗುತ್ತಿದ್ದ ಇಂಜಿನ್ನಿನ ಟಕ್ ಟಕ್ ಮಾತ್ರ.

"ಮಿಡತೆ ಇದಾವಾ?"

ಅವನು ಸ್ಟೀರಿಂಗ್ ಮೇಲಿನ ತನ್ನ ಕೈಗಳನ್ನು ನೋಡಿಕೊಂಡ. ಇಲ್ಲ ಎನ್ನಲು ತಯಾರಾಗುತ್ತಿದ್ದಾನೆ ಎನಿಸಿತು. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಗೊತ್ತಾಗುತ್ತದೆ.

"ಇದಾವೆ" ಎಂದ ಕೊನೆಗೆ. "ತುಂಬಾ ಇದಾವೆ."

"ಹೋದ ವರ್ಷ?"

"ಹೋದ ವರ್ಷವೂ ಇದ್ದವು."

"ಯಾವ ಕಡೆ?"

ಅವನು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದ. "ಬಲಗಡೆ ಓಟ್ಸ್ ಹೊಲದಲ್ಲಿ ಜಾಸ್ತಿ. ಎಡಗಡೆ ಕಟಾವಾಗಿದೆ, ಅಲ್ಲಿ ಒಂದೋ ಎರಡೋ."

ನಾನು ಬಲಗಡೆಗೆ ತಿರುಗಿ ಕುಳಿತೆ.